ನಾಲೆ ಏರಿ ಮೇಲೆ ಸೈಕಲ್ ಬರಲಿ, ಕಾರು ಬೇಡ

ಈ ವಾರ ಬೆಳೆ ವಿಚಾರ ಬಿಟ್ಟು ನಾಲೆ ಏರಿ ವಿಚಾರ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಭಾನುವಾರ ಬೆಳಗ್ಗೆ ಆರೂವರೆ ಹೊತ್ತಿಗೆ ನಮ್ಮ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸೈಕಲ್‌ನೋರು ಸಾಲಾಗಿ ಹೋಗೋದನ್ನ ನೀವೂ ನೋಡಿರ್ತೀರಿ. ಮೈಸೂರು ಕಡೆಯೋರು ಜಾಸ್ತಿ, ಮಂಡ್ಯದ ಹುಡುಗ್ರೂ ಇರ್ತಾರೆ. ಟೀ ಅಂಗಡಿಲಿ ಇದರ ಬಗ್ಗೆ ಎರಡು ಥರ ಮಾತು. ಒಂದು, "ನಮ್ಮ ಏರಿ ಮೇಲೆ ಇವ್ರಿಗೇನ್ ಕೆಲ್ಸ? ಇವತ್ತು ಸೈಕಲ್ಲು, ನಾಳೆ ರೆಸಾರ್ಟು." ಇನ್ನೊಂದು, "ಬರ್ಲಿ ಬುಡ್ಲಾ, ಅವ್ರ ನೆಪದಲ್ಲಿ ಏರಿಗೆ ಡಾಂಬರು ಬಿದ್ರೆ ನಮ್ಗೂ ಅಡ್ಡದಾರಿ ಆಯ್ತದೆ."

ನನ್ನ ಮಾತು ಎರಡೂ ಅಲ್ಲ. ಸೈಕಲ್‌ನೋರು ಬರಲಿ. ಡಾಂಬರು ಬೇಡ, ಅಡ್ಡದಾರಿ ಹುಡುಕೋ ಕಾರು, ಟಿಪ್ಪರ್ ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲಿಗೆ, ಇವರು ಇಲ್ಲಿಗೆ ಯಾಕೆ ಬರ್ತಾರೆ? 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೈವೇಗೆ ಬೈಕು, ಆಟೋ, ಸೈಕಲ್ಲು, ನಮ್ಮ ಟ್ರ್ಯಾಕ್ಟರು ಯಾವುದೂ ಹತ್ತೋ ಹಾಗಿಲ್ಲ. ಎಲ್ಲಾ ಸರ್ವಿಸ್ ರಸ್ತೆಗೆ. ಅಲ್ಲಿ ಬಸ್ಸು, ಲಾರಿ, ಎದುರಿಂದ ನುಗ್ಗೋರು, ಎಲ್ಲರ ಜೊತೆ ಸೈಕಲ್ ತುಳಿಯೋದು ಜೀವದ ಆಸೆ ಬಿಟ್ಟೋರ ಕೆಲಸ. ಆರಾಮಾಗಿ ಸೈಕಲ್ ತುಳಿಯೋಕೆ ಹಾರನ್ ಸದ್ದಿಲ್ಲದ, ಏರಿಳಿತ ಇಲ್ಲದ, ನೆರಳಿರೋ ದಾರಿ ಬೇಕು. ನೀರು ನಿಧಾನಕ್ಕೆ ಹರೀಬೇಕು ಅಂತ ನಾಲೆನ ಸಮಮಟ್ಟ ನೋಡ್ಕೊಂಡು ತೆಗೆದಿರ್ತಾರೆ, ಹಾಗಾಗಿ ಏರಿನೂ ಮಟ್ಟವಾಗಿರುತ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತೆಂಗು. ಅವರ ಆಸೆ ತಪ್ಪಲ್ಲ.

ಈಗ ನಮ್ಮ ಕಡೆಯಿಂದ ನೋಡಿ. ಏರಿ ಮೇಲಿನ ದಾರಿ ರಸ್ತೆ ಅಂತ ಮಾಡಿದ್ದಲ್ಲ. ನೀರ್‌ಗಂಟಿ ಓಡಾಡೋಕೆ, ಇಂಜಿನಿಯರು ತಪಾಸಣೆ ಮಾಡೋಕೆ, ಹೂಳು ತೆಗೆಯೋಕೆ ಬಿಟ್ಟಿದ್ದು. ನಾವು ಅದರ ಮೇಲೆ ಗೊಬ್ಬರ, ಕಬ್ಬು ಸಾಗಿಸ್ತೀವಿ. ಏರಿ ಅಂದ್ರೆ ಒತ್ತಿ ಕೂರಿಸಿದ ಮಣ್ಣು ಅಷ್ಟೇ. ಏಡಿ, ಇಲಿ, ಹೆಗ್ಗಣ ಬಿಲ ತೋಡಿರ್ತವೆ. ಅದರ ಮೇಲೆ ಜಲ್ಲಿ ತುಂಬಿದ ಟಿಪ್ಪರ್ ದಿನಾ ಹೋದ್ರೆ ಅಂಚು ಕುಸಿಯುತ್ತೆ, ಜಿನುಗು ಶುರುವಾಗುತ್ತೆ, ಕೆಳಗಿನ ಗದ್ದೆ ಜೌಗು ಹಿಡಿಯುತ್ತೆ. ಹತ್ತು ಸೈಕಲ್ ಭಾರ ಸೇರಿದ್ರೂ ನಮ್ಮ ಒಂದು ಎತ್ತಿನ ಗಾಡಿ ಹೊರೆ ಆಗಲ್ಲ.

ಇನ್ನು ಜೀವದ ವಿಷಯ. 2018ರ ನವೆಂಬರ್ 24, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಇದೇ ನಾಲೆಗೆ ಬಸ್ ಉರುಳಿ 30 ಜನ ಹೋದ್ರು. ಅದರಲ್ಲಿ ಶಾಲೆ ಮಕ್ಕಳೂ ಇದ್ರು. ಆಮೇಲೂ ಕಾರುಗಳು ಬಿದ್ದಿವೆ. ಊರ ರಸ್ತೆನೇ ನಾಲೆ ಪಕ್ಕ ಹೋಗೋ ಕಡೆ ಗಟ್ಟಿ ತಡೆಗೋಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈಗ ಮಣ್ಣಾಗಿರೋ ಏರಿಗೆ ಡಾಂಬರು ಹಾಕಿ, ಕಾರುಗಳನ್ನ ನಾವೇ ಕರೆದು, ಅವು ನೀರಿಗೆ ಬಿದ್ದ ಮೇಲೆ ತಡೆಗೋಡೆಗೆ ಅರ್ಜಿ ಕೊಡೋದು ಯಾವ ನ್ಯಾಯ? ಡಾಂಬರು ಬಿದ್ದ ದಿನದಿಂದ ವೇಗ ಶುರು. ವೇಗಕ್ಕೆ ಏರಿಯ ತಿರುವು ಗೊತ್ತಾಗಲ್ಲ.

ಬೇರೆ ದೇಶದಲ್ಲಿ ಹೆಂಗೆ ಅಂತ ಓದಿ ನೋಡಿದೆ. ಇಂಗ್ಲೆಂಡಿನ ಕಾಲುವೆ ಪಕ್ಕದ ದಾರಿಗಳು ಕುದುರೆಗೆ ಅಂತ ಮಾಡಿದ್ದು. ಕುದುರೆ ದಡದ ಮೇಲೆ ನಡೀತಾ ಹಗ್ಗದಲ್ಲಿ ದೋಣಿ ಎಳೀತಿತ್ತು. ರೈಲು, ಇಂಜಿನ್ ಬಂದ ಮೇಲೆ ಕುದುರೆಗೆ ಕೆಲಸ ಇಲ್ಲ. ಆ ದಾರಿನ ಕಾರಿಗೆ ಕೊಡಲಿಲ್ಲ. ಈಗ ಅಲ್ಲಿ ನಡೆಯೋರು, ಸೈಕಲ್‌ನೋರು. ನಡೆಯೋರಿಗೆ ಮೊದಲ ಹಕ್ಕು, ಸೈಕಲ್‌ನೋರು ನಿಧಾನ ಮಾಡಿ ಗಂಟೆ ಬಾರಿಸಬೇಕು ಅನ್ನೋದು ಪದ್ಧತಿ. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿ ದಂಡೆ ಮೇಲೆ ಇಂಥ ಹಳೇ ದೋಣಿ ಎಳೆಯೋ ದಾರಿಗಳನ್ನೇ ಸೇರಿಸಿ ಸೈಕಲ್ ದಾರಿ ಮಾಡವ್ರೆ. ಜರ್ಮನಿಯ ಪಸ್ಸಾವ್ ಊರಿಂದ ವಿಯೆನ್ನಾವರೆಗೆ 300 ಕಿಲೋಮೀಟರಿಗೂ ಹೆಚ್ಚು. ನಡುವೆ ವಾಖಾವ್ ಅನ್ನೋ ಕಣಿವೇಲಿ ದ್ರಾಕ್ಷಿ, ಏಪ್ರಿಕಾಟ್ ತೋಟಗಳು. ಅಲ್ಲಿ ಬೆಳೆಗಾರರೇ ತಮ್ಮ ಹಣ್ಣು, ಜಾಮು, ವೈನು ದಾರಿಹೋಕರಿಗೆ ಮಾರ್ತಾರೆ.

ನಮಗೂ ಹಂಗೇ ದುಡ್ಡು ಸುರಿಯುತ್ತೆ ಅಂತ ನಾನು ಹೇಳ್ತಿಲ್ಲ. ಎಳನೀರು, ಆಲೆಮನೆ ಬಿಸಿ ಬೆಲ್ಲ, ಒಂದು ತಟ್ಟೆ ಇಡ್ಲಿ ಮಾರಾಟ ಆಗಬಹುದು. ಅಷ್ಟೇ. ಸೈಕಲ್‌ನೋರಿಂದ ಕಬ್ಬಿನ ಬಾಕಿ ತೀರಲ್ಲ. ಲಾಭ ಬೇರೆ ಕಡೆ ಇದೆ. ನಾವು ಒಬ್ಬರೇ "ಏರಿ ಮೇಲೆ ಟಿಪ್ಪರ್ ಬಿಡಬೇಡಿ" ಅಂದ್ರೆ ಯಾರು ಕೇಳ್ತಾರೆ? ಪಟ್ಟಣದೋರೂ ನಮ್ಮ ಜೊತೆ ನಿಂತು "ಈ ದಾರಿ ಹಿಂಗೇ ಇರಲಿ" ಅಂದ್ರೆ ಮಾತಿಗೆ ತೂಕ ಬರುತ್ತೆ. ನಮ್ಮ ಮಕ್ಕಳಿಗೂ ಅದೇ ದಾರಿ ಬೇಕು. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಸೈಕಲ್ ಕೊಟ್ರು, ಹೆದರಿಕೆ ಇಲ್ಲದೆ ತುಳಿಯೋ ದಾರಿ ಮಾತ್ರ ಯಾರೂ ಕೊಡಲಿಲ್ಲ. ಮೋಜಿಗೆ ಬರೋರಿಗೆ ಒಳ್ಳೇದಾಗೋ ದಾರಿ ಸ್ಕೂಲಿಗೆ ಹೋಗೋ ಹುಡುಗಿಗೂ ಒಳ್ಳೇದೇ.

"ಕಾರು ತಡೆದ್ರೆ ನಮ್ಮ ಕಬ್ಬಿನ ಟ್ರ್ಯಾಕ್ಟರ್ ಗತಿ ಏನು?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಏರಿ ಶುರುವಾಗೋ ಕಡೆ ಗೇಟು ಹಾಕಿ ಬೀಗ ಜಡಿದ್ರೆ ಮೊದಲು ವಿರೋಧ ಮಾಡೋನು ನಾನೇ. ಅದರ ಬದಲು ಎರಡು ಸೇತುವೆ ನಡುವೆ, ಏರಿ ಅಗಲ ಇರೋ ಒಂದು ಜಾಗದಲ್ಲಿ ಮಾತ್ರ ಕಲ್ಲುಕಂಬ ನೆಡಿಸಬೇಕು. ನಮ್ಮ ಟ್ರ್ಯಾಕ್ಟರು ಆ ಸೇತುವೆಯಿಂದಲೋ ಈ ಸೇತುವೆಯಿಂದಲೋ ಬಂದು ಅವರವರ ಗದ್ದೆ ಮುಟ್ಟುತ್ತೆ, ಕಂಬದ ಹತ್ರ ತಿರುಗಿಸ್ಕೊಂಡು ವಾಪಸ್ ಹೋಗುತ್ತೆ. ಆಚೆಯಿಂದ ಈಚೆಗೆ ದಾಟಿ ಹೋಗೋ ಕಾರು, ಟಿಪ್ಪರಿಗೆ ಮಾತ್ರ ದಾರಿ ಇಲ್ಲ. ಸೈಕಲ್ಲು, ನಮ್ಮ ಟಿವಿಎಸ್ಸು ಸಂದೀಲಿ ತೂರುತ್ತೆ. ನಡುವಿನ ಒಂದು ಕಂಬ ಬೀಗ ತೆಗೆದು ಎತ್ತೋ ಥರ ಇರಲಿ, ಹೂಳೆತ್ತೋ ಜೆಸಿಬಿಗೆ. ಬೀಗದ ಕೈ ಒಂದು ಇಲಾಖೆ ಹತ್ರ, ಒಂದು ನೀರ್‌ಗಂಟಿ ಹತ್ರ.

ಸೈಕಲ್‌ನೋರಿಗೂ ಷರತ್ತು ಇರಬೇಕು. ಕತ್ತಲಲ್ಲಿ ಬರಬಾರದು. ದನ, ಟ್ರ್ಯಾಕ್ಟರು ಎದುರಾದ್ರೆ ಇಳಿದು ನಿಲ್ಲಬೇಕು. ಬಾಟ್ಲು, ಪ್ಲಾಸ್ಟಿಕ್ಕು ತಂದೋರೇ ವಾಪಸ್ ಒಯ್ಯಬೇಕು, ಅದು ಬಂದು ಸಿಕ್ಕಾಕ್ಕೊಳ್ಳೋದು ನಮ್ಮ ತೂಬಿಗೆ. ಎಲ್ಲಕ್ಕಿಂತ ಮುಖ್ಯ, ನೀರಿಗೆ ಇಳೀಬಾರದು. ಕಾಂಕ್ರೀಟ್ ಹಾಕಿರೋ ನಾಲೆ ಬದಿ ಪಾಚಿ ಕಟ್ಟಿ ಜಾರುತ್ತೆ, ಈಜು ಬಂದೋನಿಗೂ ಹತ್ತಿ ಬರೋಕೆ ಹಿಡಿ ಸಿಗಲ್ಲ. ಕಟ್ಟು ನೀರಿನ ಲೆಕ್ಕದಲ್ಲಿ ಯಾವತ್ತು ನೀರು ಬರುತ್ತೆ, ಯಾವತ್ತು ನಿಲ್ಲುತ್ತೆ ಅಂತ ನಮಗೆ ಗೊತ್ತು, ಹೊರಗಿನೋರಿಗೆ ಗೊತ್ತಿಲ್ಲ. ಪ್ರತಿ ಸೇತುವೆ ಹತ್ರ ಒಂದು ಬೋರ್ಡು, ಅಲ್ಲಲ್ಲಿ ಮೆಟ್ಟಿಲು, ಹಿಡಿಯೋಕೆ ಸರಪಳಿ ಬೇಕು. ಬಟ್ಟೆ ಒಗೆಯೋ ನಮ್ಮ ಹೆಣ್ಮಕ್ಕಳಿಗೂ, ಕಾಲು ಜಾರೋ ದನಕರುಗೂ ಅದೇ ಆಸರೆ.

ರೆಸಾರ್ಟ್ ಭಯದ ಬಗ್ಗೆ ಒಂದು ಮಾತು. ಜಮೀನು ಕೊಳ್ಳೋನು ಮೊದಲು ಕೇಳೋದು "ಕಾರು ಬರುತ್ತಾ?" ಅಂತ. ಕಾರು ಬಾರದ ಏರಿ ನಮ್ಮ ಜಮೀನಿಗೂ ಒಂದು ಬೇಲಿ ಇದ್ದಂಗೆ.

ಮುಂದಿನ ನೀರು ಬಳಕೆದಾರರ ಸಂಘದ ಸಭೇಲಿ ನಾನು ಈ ವಿಷಯ ಎತ್ತುತೀನಿ. ಕೇಳೋದು ಮೂರೇ: ಮಣ್ಣಿನ ಏರಿಗೆ ಡಾಂಬರು ಬೇಡ, ಎರಡು ಸೇತುವೆಗೆ ಒಂದು ಕಡೆ ಕಂಬ, ಮೆಟ್ಟಿಲು–ಸರಪಳಿ. ಒಪ್ಪೋರು ಸಭೆಗೆ ಬನ್ನಿ. ಒಪ್ಪದೋರು ತಪ್ಪದೆ ಬನ್ನಿ, ನಿಮ್ಮ ಗದ್ದೆಗೆ ಟ್ರ್ಯಾಕ್ಟರ್ ಯಾವ ಕಡೆಯಿಂದ ಬರುತ್ತೆ ಅಂತ ಹೇಳಿ. ಕಂಬ ಎಲ್ಲಿ ನೆಡಬೇಕು ಅನ್ನೋದು ಅದರ ಮೇಲೇ ತೀರ್ಮಾನ ಆಗಬೇಕು.