ಹಡಗೂ ಒಂದು ಮನೆವಾರ್ತೆ

ನಮ್ಮವರು ಆರಂಭಶೂರರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಟೇಪು ಕತ್ತರಿಸುವುದಕ್ಕೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕೆ, ಹಾರ ಹಾಕಿಸಿಕೊಂಡು ಫೋಟೋಕ್ಕೆ ನಿಲ್ಲುವುದಕ್ಕೆ ನೂರು ಜನ ಸಿಗುತ್ತಾರೆ. ಮರುದಿನ ಬೆಳಿಗ್ಗೆ ಅದೇ ಜಾಗದ ಕಸ ಗುಡಿಸುವುದಕ್ಕೆ ಒಬ್ಬರೂ ಇರುವುದಿಲ್ಲ. ಹೆಂಗಸರಾದ ನಮಗೆ ಇದು ಹೊಸ ವಿಷಯವೇನಲ್ಲ. ಗೃಹಪ್ರವೇಶ ಒಂದು ದಿನದ್ದು, ಮನೆವಾರ್ತೆ ನಿತ್ಯದ್ದು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಿವೃತ್ತಿಯಾದ ಯುದ್ಧನೌಕೆಗಳನ್ನು ವಸ್ತುಸಂಗ್ರಹಾಲಯ ಮಾಡುತ್ತೇವೆಂದು ಹೊರಡುವವರ ಮೇಲೆ ನನಗಿರುವ ತಕರಾರೂ ಇದೇ.

ಯುದ್ಧನೌಕೆಗೂ ಕನ್ನಡ ಶಾಲೆಯ ಅಕ್ಕೋರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಾನು ಉತ್ತರ ಕನ್ನಡದ ಕರಾವಳಿಯವಳು. ನಮ್ಮ ಅಪ್ಪ ವಿಕ್ರಾಂತ್ ಹಡಗಿನ ಬಾಯ್ಲರ್ ಕೋಣೆಯಲ್ಲಿ ಸ್ಟೋಕರ್ ಆಗಿದ್ದವರು. ಆಯಿ ಅವರಿಗೆ ಬರೆಯುತ್ತಿದ್ದ ಕಾಗದಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ. ಹಡಗಿನ ಹೆಸರು, ಕೆಳಗೆ ಫ್ಲೀಟ್ ಮೇಲ್ ಆಫೀಸ್, ಬೊಂಬಾಯಿ ಎಂದಿಷ್ಟೇ. ಗಂಡ ಯಾವ ದೇಶದ ನೀರಿನಲ್ಲಿದ್ದಾನೆಂದು ತಿಳಿಯದೆ ಮೂರು ಮಕ್ಕಳನ್ನೂ ಅತ್ತೆಯನ್ನೂ ಸಂಭಾಳಿಸಿದ ಹೆಂಗಸು ಆಕೆ. ಆದ್ದರಿಂದ ಹಡಗಿನ ವಿಷಯ ಮಾತಾಡುವ ಹಕ್ಕು ನನಗೂ ಇದೆ ಎಂದು ತಿಳಿದಿದ್ದೇನೆ.

ವಿಕ್ರಾಂತ್ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1943ರಲ್ಲಿ ಕಟ್ಟಲು ತೊಡಗಿದ ಹಡಗು ಅದು. ಮಹಾಯುದ್ಧ ಮುಗಿದದ್ದರಿಂದ ಅರ್ಧಕ್ಕೇ ನಿಂತಿತು. 1957ರಲ್ಲಿ ನಮ್ಮ ಸರಕಾರ ಕೊಂಡು ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ನೌಕಾಪಡೆಗೆ ಸೇರಿಸಿಕೊಂಡಿತು. 1971ರ ಯುದ್ಧದ ಹೊತ್ತಿಗೆ ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟು ಉಪಯೋಗಕ್ಕೆ ಬಾರದಾಗಿತ್ತು. ಉಳಿದ ಮೂರರ ಬಲದ ಮೇಲೆಯೇ ಹಡಗು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರ ಮೇಲಿಂದ ಎದ್ದ ಸೀಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಪಠ್ಯಪುಸ್ತಕದಲ್ಲಿ ಬರುವುದು ವಿಮಾನದ ಮಾತು. ಅಪ್ಪ ಹೇಳುತ್ತಿದ್ದುದು ಬಾಯ್ಲರಿನ ಮಾತು. ನಾಲ್ಕು ತಾಸಿನ ಪಾಳಿ. ಮೈಯ ಬೆವರು ಆರುವ ಮೊದಲೇ ಮತ್ತೆ ಬೆವರು. ಮೇಲೆ ವಿಮಾನ ಹಾರಿತೇ ಇಲ್ಲವೇ ಎಂಬುದು ಕೆಳಗಿನವರ ಕಣ್ಣಿಗೆ ಕಾಣುತ್ತಿರಲಿಲ್ಲವಂತೆ. ವಿಮಾನವನ್ನು ಮುಂದಕ್ಕೆ ಚಿಮ್ಮಿಸುತ್ತಿದ್ದುದು ಹಬೆಯ ಬಲ. ಒತ್ತಡದ ಮಾಪಕದ ಮುಳ್ಳು ಕೊಂಚ ಇಳಿದರೆ, ಒಬ್ಬ ಹುಡುಗ ಹಾರಿದ ಎಂದು ತಿಳಿಯುತ್ತಿದ್ದರಂತೆ. ಮತ್ತೆ ಮುಳ್ಳು ಮೇಲೇರುವ ತನಕ ಅವರ ಲಕ್ಷ್ಯವೆಲ್ಲ ಬೆಂಕಿಯ ಕಡೆಗೆ.

1997ರ ಜನವರಿ 31ರಂದು ವಿಕ್ರಾಂತ್ ನಿವೃತ್ತಿಯಾಯಿತು. 2001ರಿಂದ ನೌಕಾಪಡೆಯವರು ಅದನ್ನು ಮುಂಬೈಯಲ್ಲಿ ಆಗಾಗ ಕೆಲವು ದಿನಗಳ ಮಟ್ಟಿಗೆ ಸಾರ್ವಜನಿಕರಿಗೆ ತೆರೆದಿಡುತ್ತಿದ್ದರು. ಆ ಅವಧಿಯಲ್ಲಿ ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ವಿಮಾನಗಳು, ಮಾದರಿಗಳು, ಫಲಕಗಳು ಎಲ್ಲ ಇದ್ದವು. ಅಪ್ಪ ಯಾವುದನ್ನೂ ಅಷ್ಟಾಗಿ ನೋಡಲಿಲ್ಲ. ಒಂದು ಕಡೆ ನಿಂತು, ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿ, "ಇದರ ಕೆಳಗೇ ಬರುತ್ತದೆ ನಮ್ಮ ಜಾಗ" ಎಂದರು. ಪಕ್ಕದಲ್ಲಿದ್ದ ಒಂದು ಸಂಸಾರದ ಹುಡುಗ, "ಅಲ್ಲೇನಿತ್ತು ಅಜ್ಜ?" ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ತಮ್ಮ ಹರಕು ಹಿಂದಿಯಲ್ಲಿ ಶುರುಮಾಡಿದರು. ಐದು ನಿಮಿಷದೊಳಗೆ ಇಪ್ಪತ್ತು ಜನ ಸುತ್ತ ಕೂಡಿದ್ದರು. ಫಲಕ ಓದುತ್ತಿದ್ದವರೂ ಫಲಕ ಬಿಟ್ಟು ಬಂದರು. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ನನಗೆ, ಕೇಳುವವರ ಕಣ್ಣು ಹಾಗೆ ಅರಳುವುದು ಯಾವಾಗ ಎಂದು ಚೆನ್ನಾಗಿ ಗೊತ್ತು.

ಅನಂತರ ಏನಾಯಿತು? ಕಾಯಂ ಸಂಗ್ರಹಾಲಯ ಮಾಡುತ್ತೇವೆ ಎಂಬ ಮಾತು ವರ್ಷಗಟ್ಟಲೆ ನಡೆಯಿತು. ದುಡ್ಡು ಹಾಕುವವರು ಯಾರು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. 2012ರಲ್ಲಿ ಹಡಗು ಸುರಕ್ಷಿತವಲ್ಲವೆಂದು ಬಾಗಿಲು ಹಾಕಿತು. 2014ರಲ್ಲಿ 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಬರಿಗೈಯಲ್ಲಿ ಇಳಿದರು. ಆ ಕಬ್ಬಿಣದ ಒಂದಿಷ್ಟು ಭಾಗವನ್ನು ಬಜಾಜ್ ಕಂಪನಿ 2016ರಲ್ಲಿ ಹೊರತಂದ ಬೈಕಿಗೆ ಬಳಸಿತು. ಆ ಬೈಕು ರಸ್ತೆಯಲ್ಲಿ ಹೋದಾಗಲೆಲ್ಲ ನಮ್ಮ ಆಯಿ ತಿರುಗಿ ನೋಡುತ್ತಿದ್ದಳು.

ಇದರಿಂದಾದರೂ ಬುದ್ಧಿ ಬಂತೇ? ಎರಡನೆಯ ದೊಡ್ಡ ಹಡಗು ವಿರಾಟ್ 2017ರಲ್ಲಿ ನಿವೃತ್ತಿಯಾಯಿತು. 2018ರಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ಅದನ್ನು ಸಂಗ್ರಹಾಲಯ ಮಾಡಲು 852 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಅದೇ ಹಡಗು 38 ಕೋಟಿ ಚಿಲ್ಲರೆಗೆ ಮಾರಾಟವಾಗಿ ಗುಜರಾತಿನ ಅಲಂಗ್ ತೀರ ಸೇರಿತು. 852 ಕೋಟಿ ಕಾಗದದ ಮೇಲಿನ ಲೆಕ್ಕ, 38 ಕೋಟಿ ತಕ್ಕಡಿಯ ಲೆಕ್ಕ. ಮಗಳ ಮದುವೆಗೆ ಸಾವಿರ ಜನರ ಊಟದ ಪಟ್ಟಿ ಬರೆದು, ಕೊನೆಗೆ ಅಕ್ಕಿಯನ್ನೇ ತರಿಸದ ಯಜಮಾನನನ್ನು ನಾವು ಏನೆಂದು ಕರೆಯುತ್ತೇವೆ?

ನನ್ನ ಸಹೋದ್ಯೋಗಿ ಮಾಸ್ತರೊಬ್ಬರು ಒಮ್ಮೆ ಅಂದಿದ್ದರು: "ಅಕ್ಕೋರೇ, ಹಳೆ ಕಬ್ಬಿಣಕ್ಕೆ ಇಷ್ಟು ಸಂಕಟ ಯಾಕೆ? ಆ ದುಡ್ಡಿನಲ್ಲಿ ನಾಲ್ಕು ಶಾಲೆಗೆ ಶೌಚಾಲಯ ಕಟ್ಟಬಹುದು." ಮಾತು ತೆಗೆದುಹಾಕುವಂಥದ್ದಲ್ಲ. ಶೌಚಾಲಯ ಮೊದಲು ಎಂದರೆ ನಾನೂ ಕೈ ಎತ್ತುತ್ತೇನೆ. ಆದರೆ ಹಡಗು ಮಾರಿದ ದುಡ್ಡಿನಲ್ಲಿ ನಮ್ಮ ಶಾಲೆಗೆ ಒಂದು ತಂಬಿಗೆಯೂ ಬರಲಿಲ್ಲ. ಎಲ್ಲ ಹಡಗನ್ನೂ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಉಪ್ಪುನೀರಿನಲ್ಲಿ ನಿಂತ ಕಬ್ಬಿಣವನ್ನು ಸಾಕುವುದು ಆನೆ ಸಾಕಿದ ಹಾಗೆ. ಸಾಕಲಾಗದಿದ್ದರೆ ಸಾಕಲಾಗದು ಎಂದು ಮೊದಲೇ ಹೇಳಿ, ಅದರಲ್ಲಿ ದುಡಿದವರ ಮಾತನ್ನು ಬರೆದಿಟ್ಟುಕೊಂಡು, ಮರ್ಯಾದೆಯಿಂದ ಬೀಳ್ಕೊಡಿ. ಹದಿನೈದು ವರ್ಷ ಆಸೆ ತೋರಿಸಿ, ತುಕ್ಕು ಹಿಡಿಸಿ, ಆಮೇಲೆ ಅಪಾಯವೆಂದು ಮಾರುವುದು ಯಾವ ನ್ಯಾಯ?

ಹೊರದೇಶದವರು ಏನು ಮಾಡಿದ್ದಾರೆಂದು ನೋಡಿ. ಜಪಾನಿನ ಮಿಕಾಸಾ ಎಂಬ ಯುದ್ಧನೌಕೆ 1905ರ ತ್ಸುಶಿಮಾ ಕದನದಲ್ಲಿ ಅಡ್ಮಿರಲ್ ಟೋಗೋ ನಿಂತು ಹೋರಾಡಿದ ಹಡಗು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತ ಮೇಲೆ ಅದರ ಮೈಮೇಲಿನದನ್ನೆಲ್ಲ ಕಿತ್ತೊಯ್ದರು. ಕುಣಿತದ ಮನೆಯನ್ನೂ ಮಾಡಿದ್ದುಂಟು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಸಹಾಯ ಮಾಡಿದವರಲ್ಲಿ ಜಪಾನಿನ ಮೇಲೆಯೇ ಯುದ್ಧ ಮಾಡಿದ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಒಬ್ಬರು. 1961ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು. ಅಮೆರಿಕದ ನಾರ್ತ್ ಕೆರೊಲಿನಾ ಎಂಬ ಹಡಗನ್ನು ಗುಜರಿಯಿಂದ ಉಳಿಸಲು ಆ ರಾಜ್ಯದ ಶಾಲಾಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. 1962ರಲ್ಲಿ ಸ್ಮಾರಕವಾದ ಆ ಹಡಗು ಇಂದಿಗೂ ಇದೆ. ವಿಕ್ರಾಂತ್ ಉಳಿಸಬೇಕೆಂದು ನನ್ನ ಶಾಲೆಯ ಬಾಗಿಲಿಗೆ ಯಾರೂ ಡಬ್ಬಿ ಹಿಡಿದು ಬರಲಿಲ್ಲ. ಬಂದಿದ್ದರೆ ನಮ್ಮ ಮಕ್ಕಳು ಜಾತ್ರೆಯ ಕಾಸನ್ನೂ ಹಾಕುತ್ತಿದ್ದರು.

ಅಲ್ಲಿಯವರಿಗೂ ಎಲ್ಲ ಸಲೀಸಾಗಿ ನಡೆಯಲಿಲ್ಲ. 1948ರಿಂದ ಸಂಗ್ರಹಾಲಯವಾಗಿರುವ ಟೆಕ್ಸಾಸ್ ಹಡಗಿನ ತಳ ಸೋರುತ್ತ ಬಂದು, ಪಂಪು ಹಾಕಿ ನೀರು ಎತ್ತುವುದೇ ಒಂದು ಕೆಲಸವಾಗಿತ್ತು. ಕೊನೆಗೆ 2022ರಲ್ಲಿ ಅದನ್ನು ಎಳೆದೊಯ್ದು ನೀರಿನಿಂದ ಮೇಲೆತ್ತಿ ರಿಪೇರಿಗೆ ಹಚ್ಚಿದರು. ಉಳಿಸುವುದೆಂದರೆ ಹೀಗೆ, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ ಹಾಗೆ, ಪ್ರತಿ ವರ್ಷದ ಕೆಲಸ. ಅದಕ್ಕೆ ಹಾರವಿಲ್ಲ, ತುರಾಯಿಯಿಲ್ಲ. ಆದ್ದರಿಂದಲೇ ನಮ್ಮಲ್ಲಿ ಅದಕ್ಕೆ ದುಡ್ಡೂ ಇಲ್ಲ.

ಈಗ ನಮ್ಮ ಮನೆ ಬಾಗಿಲಿಗೇ ಬರೋಣ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆ 2006ರಿಂದ ಸಂಗ್ರಹಾಲಯವಾಗಿ ನಿಂತಿದೆ. ಸುಮಾರು 39 ಮೀಟರ್ ಉದ್ದದ ಪುಟ್ಟ ಹಡಗು. ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಕರೆದುಕೊಂಡು ಹೋಗಬೇಕಾದ ಜಾಗವೇ. ಆದರೆ ಈ ಹಡಗು 1971ರಲ್ಲಿ ಕರಾಚಿಗೆ ಹೋಗಿ ಬೆಂಕಿ ಹಚ್ಚಿ ಬಂದದ್ದೆಂದು ನಮ್ಮ ಕಡೆ ಹಲವರು ಹೇಳುತ್ತಾರೆ. ಅದು ನಿಜವಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಬಿಟ್ಟವು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ನೌಕೆಗಳು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಅದಕ್ಕೇನು ಕಡಿಮೆಯಾಯಿತು? ಸುಮಾರು ಇಪ್ಪತ್ತೊಂಬತ್ತು ವರ್ಷ ಕಡಲು ಕಾದದ್ದು ಸಾಲದೇ? ಮಾಡದ ಯುದ್ಧವನ್ನು ಅದರ ತಲೆಗೆ ಕಟ್ಟಿದರೆ, ಮಾಡಿದ ಸೇವೆಯನ್ನು ಮರೆತ ಹಾಗೆಯೇ. ಮಕ್ಕಳಿಗೆ ಸುಳ್ಳು ಇಸವಿ ಹೇಳಿ ದೇಶಪ್ರೇಮ ಕಲಿಸಲಾಗದು.

ಇನ್ನು ಬೊಂಬೆಗಳು. ಹಡಗಿನೊಳಗೆ ಸಮವಸ್ತ್ರ ಹಾಕಿದ ಬೊಂಬೆ ನಿಲ್ಲಿಸುವುದು ಎಲ್ಲೆಡೆಯ ಪದ್ಧತಿ. ಕಡಲತೀರದ ಒಂದು ಹಡಗಿನಲ್ಲಿ, ಯಾವ ಊರಿನದೆಂದು ಹೇಳುವುದಿಲ್ಲ, ಬೊಂಬೆಯ ಕೈ ಮುರಿದು ಸುತಲಿಯಿಂದ ಕಟ್ಟಿದ್ದರು. ಮೆಟ್ಟಿಲ ಕಬ್ಬಿಣ ಹಪ್ಪಳದಂತೆ ಎದ್ದು ನಮ್ಮ ಹುಡುಗಿಯೊಬ್ಬಳ ಲಂಗ ಹರಿಯಿತು. ಕೇಳೋಣವೆಂದರೆ ಟಿಕೀಟು ಹರಿಯುವವನ ಹೊರತು ಒಂದು ನರಪಿಳ್ಳೆ ಇರಲಿಲ್ಲ. ಮಕ್ಕಳು ತೋಪಿನ ಹತ್ತಿರ ನಿಂತು ಢಂ ಢಂ ಎಂದು ಆಡಿ, ಫೋಟೋ ತೆಗೆಸಿಕೊಂಡು ಇಳಿದರು. ಯುದ್ಧವೆಂದರೆ ಆಟ ಎಂಬ ಪಾಠ ಕಲಿತು ಬಂದರು.

ವಿಶಾಖಪಟ್ಟಣದ ಕುರ್ಸುರಾ ಎಂಬ ಜಲಾಂತರ್ಗಾಮಿಯಲ್ಲಿ ನಾನು ಕಂಡದ್ದೇ ಬೇರೆ. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಅದನ್ನು ದಡಕ್ಕೆ ಎಳೆದು 2002ರಲ್ಲಿ ಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ತೋರಿಸಿ ವಿವರಿಸುವವರು ನೌಕಾಪಡೆಯ ನಿವೃತ್ತರು. ತಂಗಿಯ ಮನೆಗೆ ಹೋದಾಗ ನೋಡಿ ಬಂದೆ. ಇಕ್ಕಟ್ಟಿನ ಆ ಕೊಳವೆಯಲ್ಲಿ ಒಲೆ ಎಲ್ಲಿ, ಮಲಗುವುದು ಎಲ್ಲಿ ಎಂದು ನಾನು ಕೇಳಿದೆ. ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸ್ನಾನ ಹೇಗೆ ಎಂದಾಗ ಆ ಹಿರಿಯರು ನಕ್ಕು, "ಅಮ್ಮಾ, ಸ್ನಾನ ದಡ ಸೇರಿದ ಮೇಲೆ" ಎಂದರು. ಪಕ್ಕದಲ್ಲಿದ್ದ ಪೋರನೊಬ್ಬ ಕ್ಷಿಪಣಿಯ ಮಾತು ಬಿಟ್ಟು, "ಮನೆ ನೆನಪಾಗುತ್ತಿರಲಿಲ್ಲವೇ?" ಎಂದು ಕೇಳಿದ. ಬೊಂಬೆಯನ್ನು ಯಾವ ಮಗುವೂ ಹಾಗೆ ಕೇಳುವುದಿಲ್ಲ.

ಆ ಪ್ರಶ್ನೆಯೇ ಮುಖ್ಯ. 1971ರ ಡಿಸೆಂಬರ್ 9ರಂದು ಖುಕ್ರಿ ಹಡಗು ಮುಳುಗಿದಾಗ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 194 ಜನ ಹೋದರು. 194 ಮನೆಗಳಲ್ಲಿ ಅಡಿಗೆಯ ಒಲೆ ಆರಿತು ಎಂದು ಮಕ್ಕಳಿಗೆ ಹೇಳಬೇಡವೇ? ಹಾಗೆಯೇ ಕಾರವಾರದ ನೌಕಾನೆಲೆಯ ಮಾತು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕದಂಬ ನೆಲೆ ಕೆಲಸ ಶುರುಮಾಡುವ ತನಕ, ಅದಕ್ಕಾಗಿ ನಮ್ಮ ಕಡಲಂಚಿನ ಎಷ್ಟೋ ಕುಟುಂಬಗಳು ಗದ್ದೆ, ತೋಟ, ತುಳಸಿಕಟ್ಟೆ ಬಿಟ್ಟು ಎದ್ದವು. ಅವರ ಹೆಂಗಸರು ಬೇರೆ ಊರಿನ ಬಾವಿಯಲ್ಲಿ ನೀರು ಸೇದಲು ಕಲಿತರು. ದೇಶದ ರಕ್ಷಣೆಗೆ ಅವರೂ ಕೊಟ್ಟಿದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪೇಕೆ ಎಂದು ಅವರನ್ನು ಮರೆಯುವುದು ಸರಿಯಲ್ಲ.

ಆದ್ದರಿಂದ ಹಡಗನ್ನು ಸಂಗ್ರಹಾಲಯ ಮಾಡುತ್ತೇವೆನ್ನುವವರಿಗೆ ನನ್ನ ಕೇಳಿಕೆ ಇಷ್ಟು. ಉದ್ಘಾಟನೆಯ ದಿನಕ್ಕೆ ಮೊದಲು ಇಪ್ಪತ್ತು ವರ್ಷದ ಬಣ್ಣ, ಬೆಸುಗೆ, ಕಾವಲಿನ ಖರ್ಚನ್ನು ಬ್ಯಾಂಕಿನಲ್ಲಿ ಇಡಿ. ಬೊಂಬೆಯ ಬದಲು ಪಿಂಚಣಿ ಪಡೆಯುತ್ತಿರುವ ನಾವಿಕರನ್ನು ಸಂಬಳ ಕೊಟ್ಟು ಕೂರಿಸಿ. ಫಲಕದ ಮೇಲೆ ಸರಿಯಾದ ಇಸವಿ ಬರೆಯಿರಿ. ಕ್ಯಾಪ್ಟನ್ನರ ಹೆಸರಿನ ಜೊತೆಗೆ ಅಡಿಗೆಯವನ, ಸ್ಟೋಕರನ ಹೆಸರೂ ಊರೂ ಇರಲಿ. ಅವರ ಮನೆಯಿಂದ ಹೋದ ಕಾಗದಗಳಿಗೂ, ಜಾಗ ಬಿಟ್ಟುಕೊಟ್ಟವರ ಮನೆಗಳ ಚಿತ್ರಗಳಿಗೂ ಒಂದು ಗೋಡೆ ಕೊಡಿ. ಇದಾಗದಿದ್ದರೆ ಹಡಗು ತರಬೇಡಿ.

ಓದುವ ಅಕ್ಕತಂಗಿಯರೇ, ಸರಕಾರ ಮಾಡುವ ತನಕ ಕಾಯುವುದು ಬೇಡ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನೌಕಾಪಡೆಯಲ್ಲಿದ್ದ ಒಬ್ಬ ಮಾವ, ಭಾವ, ಅಜ್ಜ ಇದ್ದೇ ಇರುತ್ತಾರೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಬರುವ ಭಾನುವಾರ ಅವರಿಗೆ ಒಂದು ಲೋಟ ಚಹಾ ಕೊಟ್ಟು, ಮಕ್ಕಳ ಮೊಬೈಲನ್ನು ಎದುರಿಗಿಟ್ಟು ಮಾತಾಡಿಸಿ. ಯುದ್ಧದ ಮಾತಿಗೆ ಅವಸರ ಮಾಡಬೇಡಿ; ಹಡಗಿನಲ್ಲಿ ಏನು ಉಣ್ಣುತ್ತಿದ್ದರು ಎಂದು ಮೊದಲು ಕೇಳಿ. ಅವರ ಹೆಂಡತಿ ಅಲ್ಲೇ ಬಾಗಿಲಲ್ಲಿ ನಿಂತಿದ್ದರೆ, ಅವರನ್ನೂ ಕರೆದು ಕೂರಿಸಿಕೊಂಡು ಆ ವರ್ಷಗಳ ಮಾತು ಕೇಳಿ.