ಗೆದ್ದ ಪಾತ್ರ ಬಿಟ್ಟು ಹೊರಡುವವರು

ವರ್ಷಾನುಗಟ್ಟಲೆ ಓಡಿದ ಹಾಸ್ಯ ಧಾರಾವಾಹಿಯಿಂದ ಮುಖ್ಯ ಕಲಾವಿದರು ಹೊರಬಂದರೆಂಬ ಸುದ್ದಿ ಬಂದರೆ ಸಾಕು, ಸಂಭಾವನೆ ಸಾಲಲಿಲ್ಲವಂತೆ, ಹೆಸರು ತಲೆಗೇರಿತಂತೆ ಎಂಬ ಮಾತು ಶುರುವಾಗುತ್ತದೆ. ಅಮೆರಿಕದ ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ಜಿಮ್ ಪಾರ್ಸನ್ಸ್ ವಿಷಯದಲ್ಲಿ ಈ ಎರಡೂ ನಿಲ್ಲುವುದಿಲ್ಲ. ಒಂದು ಹಂತದಲ್ಲಿ ಅವರಿಗೆ ಕಂತೊಂದಕ್ಕೆ 10 ಲಕ್ಷ ಡಾಲರ್ ಸಿಗುತ್ತಿತ್ತು. ಶೆಲ್ಡನ್ ಪಾತ್ರಕ್ಕೆ ನಾಲ್ಕು ಬಾರಿ ಎಮ್ಮಿ ಪ್ರಶಸ್ತಿ ಬಂದಿತ್ತು. 2018ರಲ್ಲಿ ಅವರು ಇನ್ನು ಸಾಕು ಎಂದರು. ಮರುವರ್ಷ 12ನೇ ಸೀಸನ್ನಿನ ಕೊನೆಗೆ, 279 ಕಂತುಗಳ ಧಾರಾವಾಹಿಯೇ ಮುಗಿಯಿತು. ಆಮೇಲೆ ನಟ ಡೇವಿಡ್ ಟೆನಂಟ್ ಜೊತೆಗಿನ ಮಾತುಕತೆಯಲ್ಲಿ ಕಾರಣ ಬಿಚ್ಚಿಟ್ಟರು. 2018ರ ಬೇಸಿಗೆಯಲ್ಲಿ ಅವರು ಬ್ರಾಡ್‌ವೇ ನಾಟಕವೊಂದರಲ್ಲಿದ್ದರು, ಕಾಲಿಗೆ ಪೆಟ್ಟಾಗಿತ್ತು, ಬಹುಕಾಲ ಸಾಕಿದ ನಾಯಿ ಸಾಯುವ ಸ್ಥಿತಿಯಲ್ಲಿತ್ತು. ತಂದೆ ತೀರಿಕೊಂಡದ್ದು 52ನೇ ವಯಸ್ಸಿಗೆ, ಆ ಬೇಸಿಗೆಯಲ್ಲಿ ಪಾರ್ಸನ್ಸ್‌ಗೆ 45. ತನಗೂ ಅಷ್ಟೇ ಆಯುಸ್ಸಿದ್ದರೆ ಮಾಡಬೇಕಾದ ಕೆಲಸ ಬೇರೆಯೇ ಇದೆ ಎಂದು ಅವರಿಗೆ ಅನ್ನಿಸಿತು.

ಹೊರಡುವ ಕಾರಣವನ್ನು ನಟರ ಸ್ವಭಾವಕ್ಕಿಂತ ಮೊದಲು ಈ ಪ್ರಕಾರದ ಕಟ್ಟಿನಲ್ಲೇ ಹುಡುಕಬೇಕು ಎಂಬುದು ನನ್ನ ವಾದ. ಸಿಟ್‌ಕಾಮ್ ಎಂಬ ಈ ಬಗೆಯ ಹಾಸ್ಯ ಧಾರಾವಾಹಿ ನಿಂತಿರುವುದೇ ಪಾತ್ರ ಬದಲಾಗದಿರುವುದರ ಮೇಲೆ. ಶೆಲ್ಡನ್ ಸೋಫಾದ ಒಂದೇ ಮೂಲೆಯಲ್ಲಿ ಕೂರಬೇಕು. ಎದುರು ಮನೆಯ ಪೆನ್ನಿಯ ಬಾಗಿಲನ್ನು ಮೂರು ಸಲ ಬಡಿದು ಅವಳ ಹೆಸರು ಕೂಗಿ, ಮತ್ತೆ ಬಡಿದು ಮತ್ತೆ ಕೂಗಿ, ಮೂರನೆಯ ಸುತ್ತಿಗೇ ನಿಲ್ಲಿಸಬೇಕು. ಅವನು ಮದುವೆಯಾದ, ನೊಬೆಲ್ ಪಡೆದ, ನಿಜ. ಆದರೂ ನಗು ಬೇಕಾದಾಗ ಅದೇ ಬಾಗಿಲು, ಅದೇ ಬಡಿತ. ನಟ ಎಷ್ಟು ಚೆನ್ನಾಗಿ ಮಾಡಿದರೆ ವೀಕ್ಷಕ ಅದನ್ನೇ ಅಷ್ಟು ಕೇಳುತ್ತಾನೆ, ಹೊಸದಕ್ಕೆ ಅಷ್ಟು ಕಡಿಮೆ ಜಾಗ ಸಿಗುತ್ತದೆ. ಗೆಲುವೇ ಕಟ್ಟಿಹಾಕುವ ಇಂಥ ಕೆಲಸ ಕಲೆಯಲ್ಲಿ ಬೇರೆ ಹೆಚ್ಚಿಲ್ಲ.

ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡುವ ಗುಮಾಸ್ತರಿಲ್ಲವೇ, ಇವರಿಗೇನು ವಿಶೇಷ ಎಂದು ಕೇಳಬಹುದು. ನಟರಲ್ಲೇ ಕೆಲ್ಸಿ ಗ್ರಾಮರ್ ಇಲ್ಲವೇ ಎಂದೂ ಕೇಳಬಹುದು. ಅದು ಇನ್ನೂ ಗಟ್ಟಿ ಪ್ರಶ್ನೆ. ಫ್ರೇಸಿಯರ್ ಎಂಬ ಮನೋವೈದ್ಯನ ಪಾತ್ರವನ್ನು ಅವರು 1984ರಿಂದ 2004ರವರೆಗೆ ಬಿಡದೆ ಮಾಡಿದರು. ಆದರೆ ಆ ಇಪ್ಪತ್ತು ವರ್ಷ ಹೇಗಿತ್ತು ನೋಡಿ. ‘ಚಿಯರ್ಸ್’ನಲ್ಲಿ ಬಾಸ್ಟನ್ನಿನ ಬಾರೊಂದರ ಗಿರಾಕಿಯಾಗಿದ್ದವನು 1993ರಲ್ಲಿ ತನ್ನದೇ ಧಾರಾವಾಹಿಯೊಂದಿಗೆ ಸಿಯಾಟಲ್‌ಗೆ ಬಂದ, ವಿಚ್ಛೇದಿತ, ರೇಡಿಯೊ ಸಲಹೆಗಾರ, ಕಾಲು ಊನವಾದ ತಂದೆಯನ್ನು ಮನೆಯಲ್ಲಿಟ್ಟುಕೊಂಡ ಮಗ, ತಮ್ಮನೊಡನೆ ಸದಾ ಪೈಪೋಟಿಗಿಳಿಯುವ ಅಣ್ಣ. ಪಾತ್ರ ಮನೆ ಬದಲಿಸಿತು, ನಟ ಉಳಿದರು. ಈ ಉದಾಹರಣೆ ನನ್ನ ವಾದವನ್ನೇ ಬಲಪಡಿಸುತ್ತದೆ.

‘ಬಿಟ್ಟುಹೋದರು’ ಎಂಬ ಮಾತೂ ಎಲ್ಲ ಸಲ ನ್ಯಾಯದ್ದಲ್ಲ. ‘ದಿ ಆಫೀಸ್’ನ ಸ್ಟೀವ್ ಕರೆಲ್ 2011ರಲ್ಲಿ ಏಳನೇ ಸೀಸನ್ನಿಗೆ ಹೊರಬಂದರು. ಅವರು ಮುಂದುವರಿಯಲು ಸಿದ್ಧರಿದ್ದರು, ಚಾನೆಲ್ ಹೊಸ ಕರಾರಿಗೆ ಕರೆಯಲೇ ಇಲ್ಲ ಎಂದು ಜೊತೆಗೆ ದುಡಿದವರು ಆಂಡಿ ಗ್ರೀನ್ ಅವರ ಪುಸ್ತಕದಲ್ಲಿ ಹೇಳಿದ್ದಾರೆ. ಹೊರಗೆ ಹೋದವರು ಸೋತರಲ್ಲ ಎನ್ನುವವರು ‘ಮ್ಯಾಶ್’ನ ಮೆಕ್ಲೀನ್ ಸ್ಟೀವನ್ಸನ್ ಹೆಸರು ಎತ್ತುತ್ತಾರೆ. 1975ರಲ್ಲಿ ಬಿಟ್ಟ ಮೇಲೆ ಅವರಿಗೆ ಅಂಥ ಗೆಲುವು ಸಿಗಲಿಲ್ಲ. ಜನ ಪ್ರೀತಿಸಿದ್ದು ಹೆನ್ರಿ ಬ್ಲೇಕ್ ಪಾತ್ರವನ್ನು, ತಮ್ಮನ್ನಲ್ಲ ಎಂದು ಅವರೇ ಒಪ್ಪಿಕೊಂಡರು. ಆ ಸೋಲಿನಲ್ಲಿ ಪಾತ್ರದ ಹಿಡಿತ ಎಷ್ಟು ಬಿಗಿ ಎಂಬುದೂ ಕಾಣುತ್ತದೆ.

ಅಮೆರಿಕದ ಇಂಥ ಹಾಸ್ಯ ಧಾರಾವಾಹಿಗಳಿಗೆ ವರ್ಷಕ್ಕೆ 24 ಕಂತಿನ ಆಸುಪಾಸು, ಬೇಸಿಗೆಗೆ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲೇ ಪಾರ್ಸನ್ಸ್ ನಾಟಕಕ್ಕೆ ಹೋದದ್ದು. ನಮ್ಮ ಹೆಚ್ಚಿನ ದೈನಿಕ ಧಾರಾವಾಹಿಗಳಿಗೆ ಸೀಸನ್ ಎಂಬುದೇ ಇಲ್ಲ. 2008ರಲ್ಲಿ ಶುರುವಾದ ಹಿಂದಿ ಹಾಸ್ಯ ಧಾರಾವಾಹಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದಲ್ಲಿ ದಯಾಬೆನ್ ಆಗಿದ್ದ ದಿಶಾ ವಕಾನಿ 2017ರಲ್ಲಿ ಹೆರಿಗೆ ರಜೆಗೆ ಹೋದವರು ಮತ್ತೆ ಆ ಪಾತ್ರಕ್ಕೆ ಕಾಯಂ ಆಗಿ ಮರಳಲಿಲ್ಲ. ಕನ್ನಡದ ಧಾರಾವಾಹಿಗಳಲ್ಲೂ ಒಂದು ಸಂಜೆ ಇದ್ದಕ್ಕಿದ್ದಂತೆ ಪಾತ್ರಕ್ಕೆ ಹೊಸ ಮುಖ ಬರುತ್ತದೆ, ಹಳಬರ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ಬೈಗುಳ ಶುರುವಾಗುತ್ತದೆ. ಚಾನೆಲ್‌ಗಳು ವರ್ಷಕ್ಕೆ ಒಂದೆರಡು ತಿಂಗಳಾದರೂ ಬಿಡುವು ಕೊಡಲಿ, ಕರಾರಿನಲ್ಲೇ ಮುಕ್ತಾಯದ ದಿನ ಬರೆಯಲಿ. ಬೈಯುವ ಮುನ್ನ ವೀಕ್ಷಕರು, ಆ ಕಲಾವಿದರು ಅದೇ ಪಾತ್ರದಲ್ಲಿ ಎಷ್ಟು ವರ್ಷ ದುಡಿದಿದ್ದಾರೆಂದು ಒಮ್ಮೆ ಲೆಕ್ಕ ಹಾಕಲಿ.