ಐದನೆಯ ಅಂತಸ್ತಿನ ಗೋವಳರ ಗುಡಿಸಲು

ಫ್ರೆಂಚರ ‘ಶಾಲೆ’ ಎಂಬ ಮಾತು ಕನ್ನಡಿಗರ ಕಿವಿಗೆ ಪರಕೀಯವೆನಿಸುವುದಿಲ್ಲ. ಗೋಶಾಲೆ, ಪಾಕಶಾಲೆ, ಪರ್ಣಶಾಲೆಗಳನ್ನು ಬಲ್ಲ ನಮಗೆ ಅದು ನಮ್ಮದೇ ಮಾತೆಂದು ತೋರಿದರೂ ತೋರೀತು. ಇವೆರಡಕ್ಕೆ ನಂಟು ಕಲ್ಪಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅದು ಭಾಷಾಶಾಸ್ತ್ರಜ್ಞರ ಕೆಲಸ. ಆದರೆ ಅರ್ಥದಲ್ಲಿ ಅದು ಗೋಶಾಲೆಯಿಂದ ಬಹಳ ದೂರದ್ದಲ್ಲ. ಆಲ್ಪ್ಸ್ ಪರ್ವತದ ಗೋವಳರು ಬೇಸಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಚಳಿ ಬಲಿಯುವ ಮುನ್ನ ಇಳಿದುಬರುವವರೆಗೆ ತಂಗಲು ಕಟ್ಟಿಕೊಂಡ ಮರದ ಗುಡಿಸಲಿಗೆ ಆ ಹೆಸರು. ಕರೆದ ಹಾಲನ್ನು ದಿನದಿನವೂ ಕಣಿವೆಗೆ ಹೊತ್ತು ತರಲಾಗದೆ ಅಲ್ಲಿಯೇ ಅದನ್ನು ಚೀಸ್ ಮಾಡಿ ಇಡುತ್ತಿದ್ದರು. ಹೊಗೆ, ಹಾಲು, ಸಗಣಿಗಳ ವಾಸನೆಯ ಆ ಗುಡಿಸಲು ಇಂದು ಯೂರೋಪಿನ ನಗರಗಳಲ್ಲಿ ಐದನೆಯ ಅಂತಸ್ತಿನ ಫ್ಲ್ಯಾಟಿಗೆ ಏರಿ ಕುಳಿತಿದೆ. ‘ಆಧುನಿಕ ಆಲ್ಪೈನ್ ಶೈಲಿ’ ಎಂಬುದು ಅದಕ್ಕೆ ದೊರೆತ ಬಿರುದು.

ಈ ಶೈಲಿಯ ಲಕ್ಷಣಗಳನ್ನು ಗೃಹಾಲಂಕಾರದ ಪತ್ರಿಕೆಗಳನ್ನು ತಿರುವಿದವರೆಲ್ಲ ಬಲ್ಲರು. ಕಾಂಕ್ರೀಟು ಗೋಡೆಯ ಮೇಲೆ ಪೈನ್ ಅಥವಾ ಲಾರ್ಚ್ ಮರದ ಹಲಗೆ. ಭಾರ ಹೊರದ ತೊಲೆ. ಕುರ್ಚಿಯ ಮೇಲೆ ಕುರಿಯ ತುಪ್ಪಟ. ಹೊಗೆಗೂಡಿಲ್ಲದ ಒಲೆಯಲ್ಲಿ ವಿದ್ಯುತ್ತಿನ ಜ್ವಾಲೆ. ಒಂದು ಜಿಂಕೆಯ ಕೊಂಬು. ಕಿತ್ತುಹಾಕಿದ ಕೊಟ್ಟಿಗೆಗಳ ಹಳೆಯ ಹಲಗೆಗಳಿಗೆ ಅಲ್ಲಿ ಒಳ್ಳೆಯ ಬೆಲೆ. ಅದು ಸಿಗದಿದ್ದಲ್ಲಿ ಹೊಸ ಹಲಗೆಯನ್ನೇ ಉಜ್ಜಿ, ಬಿಸಿಹಬೆ ಹಾಯಿಸಿ, ಮುಪ್ಪು ಬರಿಸಿ ಮಾರುವವರೂ ಇದ್ದಾರೆ!

ಇದೆಲ್ಲ ಬರಿಯ ಸೋಗು ಎಂದು ನಕ್ಕುಬಿಡುವುದು ಸುಲಭ. ನನಗೆ ಆ ನಗೆಯಲ್ಲಿ ಪಾಲ್ಗೊಳ್ಳಲು ಮನಸ್ಸಿಲ್ಲ. ಏಕೆಂದರೆ ಆ ಗುಡಿಸಲಿನ ಕೀರ್ತಿ ಹುಟ್ಟಿದಂದಿನಿಂದಲೂ ನಗರವಾಸಿಯ ಕನಸೇ ಆಗಿದೆ. ಆ ಮಾತಿಗೆ ಸಾಹಿತ್ಯದಲ್ಲಿ ಪ್ರಚಾರ ತಂದವನು ರೂಸೋ, 1761ರಲ್ಲಿ ಪ್ರಕಟವಾದ ತನ್ನ ‘ಜೂಲಿ’ ಕಾದಂಬರಿಯಲ್ಲಿ. 1896ರ ಜಿನೀವಾ ಪ್ರದರ್ಶನದಲ್ಲಿ ಸ್ವಿಸ್ ಜನರೇ ಒಂದು ಕೃತಕ ಬೆಟ್ಟವನ್ನೂ ಜಲಪಾತವನ್ನೂ ನಿರ್ಮಿಸಿ, ಅದರ ಬುಡದಲ್ಲಿ ಒಂದು ‘ಸ್ವಿಸ್ ಹಳ್ಳಿ’ಯನ್ನು ಕಟ್ಟಿ ತೋರಿಸಿದರು. ನಿಜವಾದ ಬೆಟ್ಟಗಳು ಕಣ್ಣೆದುರಿಗೇ ಇದ್ದ ಊರಿನಲ್ಲಿ ಇದು ನಡೆದದ್ದು! ನಾವೂ ಈ ಕನಸಿಗೆ ಹೊರಗಿನವರಲ್ಲ. ‘ಚಾಂದನಿ’ ಮೊದಲಾದ ಚಿತ್ರಗಳಲ್ಲಿ ಯಶ್ ಚೋಪ್ರಾ ಅವರು ಆ ಹಿಮವನ್ನೂ ಆ ಹಸುರನ್ನೂ ನಮ್ಮ ಜನರ ಕಣ್ಣಿಗೆ ತುಂಬಿದರು; 2016ರಲ್ಲಿ ಇಂಟರ್‌ಲಾಕೆನ್ ಪಟ್ಟಣ ಅವರ ಪ್ರತಿಮೆಯನ್ನೇ ನಿಲ್ಲಿಸಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು ಅಸಲೋ ನಕಲೋ ಎಂಬುದಲ್ಲ; ಈ ಕನಸಿನಿಂದ ಮನೆಯೊಳಕ್ಕೆ ಯಾವುದನ್ನು ತರುವುದು ಉಚಿತ ಎಂಬುದು.

ಹಳೆಯ ಪರ್ವತಗೃಹಗಳಲ್ಲಿ ಅಲಂಕಾರವೆಂದು ನಮಗೆ ಕಾಣುವ ಒಂದೊಂದಕ್ಕೂ ಒಂದೊಂದು ಹೊಣೆಯಿತ್ತು. ಮುಂದಕ್ಕೆ ಚಾಚಿದ ಸೂರು ಗೋಡೆಯ ಮರವನ್ನು ಮಳೆಯಿಂದ ಕಾಯುತ್ತಿತ್ತು. ಛಾವಣಿಯ ಇಳಿಜಾರು ಕಡಿಮೆಯಿದ್ದುದರಿಂದ ಹಿಮ ಅಲ್ಲಿಯೇ ನಿಂತು ಕಂಬಳಿಯಂತೆ ಮನೆಯನ್ನು ಬೆಚ್ಚಗಿಡುತ್ತಿತ್ತು. ಮರದ ಹಂಚುಗಳು ಗಾಳಿಗೆ ಹಾರದಿರಲೆಂದು ಮೇಲೆ ಕಲ್ಲು ಹೇರುತ್ತಿದ್ದರು. ಮನೆಯ ನಡುಕೋಣೆಗೆ ಹಲಗೆ ಹೊದಿಸಿದ್ದು ಶಾಖ ಗೋಡೆಯ ಪಾಲಾಗದಿರಲೆಂದು, ಮಾಡನ್ನು ತಗ್ಗಿಸಿದ್ದೂ ಅದೇ ಕಾರಣಕ್ಕೆ. ಆ ಕೋಣೆಯ ಒಲೆಗೆ ಅಡುಗೆಮನೆಯ ಕಡೆಯಿಂದ ಸೌದೆ ಒಡ್ಡುತ್ತಿದ್ದುದರಿಂದ ಬಿಸುಪು ಕೋಣೆಗೆ ಬರುತ್ತಿತ್ತು, ಹೊಗೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಅಲ್ಲಿ ಕಲೆಯುತ್ತಿದ್ದುದು ಸೌಹಾರ್ದದಿಂದ ಮಾತ್ರವಲ್ಲ, ಬೆಚ್ಚಗಿದ್ದ ಕೋಣೆ ಅದೊಂದೇ ಆದುದರಿಂದ. ಬಡತನವೂ ಚಳಿಯೂ ಕೂಡಿ ಕಲಿಸಿದ ವಿವೇಕವದು. ನಗರದ ಫ್ಲ್ಯಾಟಿನಲ್ಲಿ ಪ್ರತಿ ಕೋಣೆಗೂ ಬಿಸಿನೀರಿನ ಕೊಳವೆಯುಂಟು. ಅಲ್ಲಿ ಹಲಗೆಗೆ ಕೆಲಸವಿಲ್ಲ, ತೊಲೆಗೆ ಭಾರವಿಲ್ಲ, ಒಲೆಯ ಸುತ್ತ ಕೂಡಬೇಕಾದ ಅಗತ್ಯವಿಲ್ಲ. ಕೆಲಸ ಕಳೆದುಕೊಂಡ ವಸ್ತು ವೇಷವಾಗುತ್ತದೆ.

ಹಾಗಾದರೆ ಬೆಟ್ಟದಿಂದ ನಗರಕ್ಕೆ ಏನನ್ನೂ ತರಲಾಗದೆ? ತರಬಹುದೆಂಬುದಕ್ಕೆ ಶಾರ್ಲಟ್ ಪೆರಿಯಾಂ ಎಂಬಾಕೆಯ ಬದುಕೇ ಸಾಕ್ಷಿ. 1903ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಈ ಫ್ರೆಂಚ್ ವಿನ್ಯಾಸಕಿ ಲ ಕಾರ್ಬೂಸಿಯೆಯ ಕಚೇರಿಯಲ್ಲಿ ಕೆಲಸಮಾಡಿದವಳು. ಸವೊಯ್ ಸೀಮೆಯ ಬೆಟ್ಟಗಳನ್ನು ಹತ್ತಿ ಇಳಿದವಳು. ಅಲ್ಲಿನ ಗೋವಳರ ಮೂರು ಕಾಲಿನ ಮಣೆಯಲ್ಲಿ ಆಕೆ ಕಂಡದ್ದು ಹಳ್ಳಿಯ ಸೊಗಡನ್ನಲ್ಲ, ಲೆಕ್ಕಾಚಾರವನ್ನು: ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಾಲಿನ ಪೀಠ ಅಲುಗದೆ ನಿಲ್ಲುತ್ತದೆ. 1960ರ ದಶಕದ ಕೊನೆಯಿಂದ ಲೆಸ್ ಆರ್ಕ್ ಎಂಬಲ್ಲಿ ಪ್ರವಾಸಿಗಳಿಗಾಗಿ ವಸತಿಗೃಹಗಳನ್ನು ರೂಪಿಸಿದಾಗ ಆಕೆ ಇಕ್ಕಟ್ಟಾದ ಜಾಗದಲ್ಲಿ ಅಡುಗೆಯವರು ಗೋಡೆಯ ಹಿಂದೆ ಒಂಟಿಯಾಗದಂತೆ ಅಡುಗೆಯ ಎಡೆಯನ್ನು ಕೂಡುವ ಕೋಣೆಗೇ ತೆರೆದಿಟ್ಟಳು. ಕೊಂಬನ್ನು ಬಿಟ್ಟಳು, ವಿವೇಕವನ್ನು ತಂದಳು.

1938ರಲ್ಲಿ ಆಕೆಯೊಡನೆ ಒಂದು ಪರ್ವತಾಶ್ರಯವನ್ನು ವಿನ್ಯಾಸಗೊಳಿಸಿದವನು ಪಿಯರ್ ಜಾನ್ನರೆ. ಮುಂದೆ ಚಂಡೀಗಢದಲ್ಲಿ ನೆಲಸಿ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ತೇಗ, ಬೆತ್ತಗಳ ಕುರ್ಚಿಗಳನ್ನು ಮಾಡಿಸಿದವನೂ ಅವನೇ. ಹಿತ್ತಲ ಗಿಡ ಮದ್ದಲ್ಲವೆಂದು ನಾವು ಮೂಲೆಗೆ ಒಟ್ಟಿದ ಆ ಕುರ್ಚಿಗಳು ಇಂದು ಹೊರದೇಶಗಳ ಹರಾಜಿನಲ್ಲಿ ಭಾರಿ ಬೆಲೆಗೆ ಹೋಗಿ ಸಿರಿವಂತರ ಹಜಾರಗಳನ್ನು ಅಲಂಕರಿಸುತ್ತಿವೆ. ಗೋವಳನ ಗುಡಿಸಲಿಗೂ ಗುಮಾಸ್ತನ ಕುರ್ಚಿಗೂ ಒದಗಿದ ಗತಿ ಒಂದೇ: ದುಡಿದ ಕೈ ಮರೆಯಾಯಿತು, ವಸ್ತು ಮೆರೆಯಿತು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಬೆಟ್ಟದ ಮೇಲಿನವರಿಗುಂಟು. ಬೆಟ್ಟದ ಮನೆಯನ್ನು ಫ್ಲ್ಯಾಟಿಗೆ ತಂದ ಕನಸೇ ಸಿರಿವಂತರನ್ನು ಬೆಟ್ಟಕ್ಕೂ ಕರೆದೊಯ್ಯುತ್ತದೆ. ವರ್ಷದಲ್ಲಿ ಕೆಲವೇ ವಾರ ತೆರೆಯುವ ಮನೆಗಳು ಅಲ್ಲಿ ಹೆಚ್ಚಿ, ಊರಿನವರಿಗೇ ಮನೆ ದುಬಾರಿಯಾಗುತ್ತದೆ. ಸ್ವಿಟ್ಜರ್ಲೆಂಡಿನ ಮತದಾರರು 2012ರಲ್ಲಿ, ಒಂದು ಊರಿನ ಒಟ್ಟು ಮನೆಗಳಲ್ಲಿ ಇಂಥ ಎರಡನೆಯ ಮನೆಗಳು ಶೇಕಡ 20ನ್ನು ಮೀರಬಾರದೆಂದು ತೀರ್ಪಿತ್ತದ್ದು ಈ ಸಂಕಟದಿಂದಲೇ.

ಫ್ಲ್ಯಾಟಿನಲ್ಲಿ ಆಲ್ಪ್ಸ್ ಬೇಡವೆಂದು ನಾನು ಹೇಳಲಾರೆ. ಹಗಲೆಲ್ಲ ಗಾಜು ಉಕ್ಕುಗಳ ನಡುವೆ ದುಡಿದವನು ಸಂಜೆ ಮರವನ್ನು ಮುಟ್ಟಬಯಸಿದರೆ ತಪ್ಪೇನು? ಆದರೆ ಆ ಮರ ಗೋಡೆಗೆ ಅಂಟಿದ ಚಿತ್ರವಾಗದೆ, ನಾಲ್ಕು ಜನ ಕೂಡಿ ಉಣ್ಣುವ ಮೇಜಾಗಲಿ, ಮೂರು ತಲೆಮಾರು ಬಾಳುವ ಬೆಂಚಾಗಲಿ. ಮುಪ್ಪು ಬರಿಸಿದ ಹಲಗೆಯನ್ನು ಕೊಳ್ಳುವ ಬದಲು ಹೊಸ ಹಲಗೆಯನ್ನು ಕೊಂಡು, ಅದರೊಡನೆ ತಾನೂ ಮುಪ್ಪಾಗುವ ತಾಳ್ಮೆ ಮನೆಯಾತನಿಗಿರಲಿ. ಹೊರಗಿನ ಚಳಿಗೆ ಯಂತ್ರವುಂಟು. ಒಲೆಯ ಸುತ್ತ ಕೂಡುವ ಅಗತ್ಯ ತಪ್ಪಿದ ಮೇಲೂ ಕೂಡುವ ಮನಸ್ಸನ್ನು ಉಳಿಸಿಕೊಂಡ ಮನೆಯೇ ಬೆಚ್ಚನೆಯ ಮನೆ.